ಎರಡೂವರೆ ಗರಿಯ ಗಾಳಿ

ಸಮುದ್ರವೇ ಇಲ್ಲದ ಊರಿನಲ್ಲಿ ಕುಳಿತು ಇಪ್ಪತ್ತೆಂಟು ವರ್ಷ ಸಮುದ್ರದ ಗಾಳಿ ಬರೆದವನು ನಾನು. ಮನೆ ಕೆಂಗೇರಿಯಲ್ಲಿ, ಕೆಲಸ ಬೆಂಗಳೂರಿನ ಒಂದು ಹವಾಮಾನ ಕಚೇರಿಯಲ್ಲಿ. ಉಗ್ರಪ್ಪ ಎಂಬ ಹೆಸರು ಕೇಳಿ ಯಾವನೋ ದೊಡ್ಡ ಸಾಹೇಬ ಎಂದುಕೊಳ್ಳಬೇಡಿ. ಮುನ್ಸೂಚನೆ ಹೇಳುವವರು ಬೇರೆ, ನಾನು ನಕ್ಷೆ ತುಂಬುವವನು.

ಟೆಲಿಪ್ರಿಂಟರ್ ಐದೈದು ಅಂಕಿಗಳ ಗುಂಪುಗಳನ್ನು ಕಟಕಟ ಹೊಡೆದು ಹಾಕುತ್ತಿತ್ತು. ಯಾವ ಊರಿನಲ್ಲಿ, ಯಾವ ಹಡಗಿನ ಹತ್ತಿರ ಗಾಳಿಯ ಒತ್ತಡ ಎಷ್ಟು, ಬೀಸುವ ವೇಗ ಎಷ್ಟು, ಎಲ್ಲ ಆ ಅಂಕಿಗಳಲ್ಲೇ. ಅದನ್ನು ಬಿಡಿಸಿ ನಕ್ಷೆಯ ಮೇಲೆ ಇಳಿಸಬೇಕು. ಗಾಳಿಗೆ ಒಂದು ಕಡ್ಡಿ ಗೀಚುವುದು, ಕಡ್ಡಿಯ ತುದಿಗೆ ಗರಿಯಂಥ ಗೀಟುಗಳು. ಹಡಗಿನವರು ವೇಗವನ್ನು ನಾಟ್ ಲೆಕ್ಕದಲ್ಲಿ ಹೇಳುತ್ತಾರೆ. ಹತ್ತು ನಾಟಿಗೆ ಒಂದು ಗರಿ, ಐದಕ್ಕೆ ಅರ್ಧ. ಐವತ್ತು ಮುಟ್ಟಿದರೆ ಗರಿಯಿಲ್ಲ, ತುದಿಗೆ ಒಂದು ತ್ರಿಕೋನದ ಬಾವುಟ. ಆ ಬಾವುಟ ಕಂಡರೆ ಸಾಕು, ಕಚೇರಿಯಲ್ಲಿ ಯಾರೂ ತಮಾಷೆ ಮಾಡುತ್ತಿರಲಿಲ್ಲ.

ಬೇರೆಯವರು ಒಂದು ಗಂಟೆ ಕೂರುತ್ತಿದ್ದ ನಕ್ಷೆಯನ್ನು ನಾನು ನಲವತ್ತು ನಿಮಿಷದಲ್ಲಿ ಮುಗಿಸುತ್ತಿದ್ದೆ. ಅದೇ ನನ್ನ ಕೊಬ್ಬು. ಬೇರೇನೂ ಇರಲಿಲ್ಲ ಕೊಬ್ಬಲು.

ನಮ್ಮ ಪಕ್ಕದ ಮನೆಯವನು ಚಿಕ್ಕಮುನಿಯಪ್ಪ, ಲಾರಿ ಡ್ರೈವರ್. ನಾಯಂಡಹಳ್ಳಿಯ ಗೋಡೌನಿನಿಂದ ಮೋಟಾರಿನ ಸಾಮಾನು ಹೇರಿಕೊಂಡು ನೆಲ್ಲೂರಿನ ಕಡೆ ಹೋಗಿ, ಬರುವಾಗ ಅಲ್ಲಿನ ಸಮುದ್ರದಂಚಿನಿಂದ ಉಪ್ಪು ತರುತ್ತಿದ್ದ. ಹೊರಡುವ ಮೊದಲು ನನ್ನನ್ನು ಕೇಳದೆ ಗಾಡಿ ಎತ್ತುತ್ತಿರಲಿಲ್ಲ. ಒಮ್ಮೆ ಅವನಿಗೆ ಗಾಳಿಯ ತರಗತಿಗಳನ್ನು ಹೇಳಿಕೊಟ್ಟಿದ್ದೆ. ಮೊದಲು ಕಡಿಮೆ ಒತ್ತಡ, ಆಮೇಲೆ ವಾಯುಭಾರ ಕುಸಿತ, ಅದು ಬಲಿತರೆ ತೀವ್ರ ಕುಸಿತ, ಇನ್ನೂ ಬಲಿತರೆ ಚಂಡಮಾರುತ, ಅದರ ಮೇಲೆ ತೀವ್ರ ಚಂಡಮಾರುತ. ಅವನು ಬೆರಳು ಮಡಿಸುತ್ತಾ ಕೇಳಿ, ತಲೆ ಕೆರೆದುಕೊಂಡು, “ಇಷ್ಟೆಲ್ಲ ಹೆಸ್ರು ಯಾಕಣ್ಣ? ನ್ಯೂಟ್ರಲ್, ಫಸ್ಟು, ಸೆಕೆಂಡು, ಥರ್ಡು, ಟಾಪು. ಮುಗೀತಲ್ಲ” ಎಂದ. ಅಲ್ಲಿಂದ ಮುಂದೆ ನಮ್ಮಿಬ್ಬರ ನಡುವೆ ಬಂಗಾಳ ಕೊಲ್ಲಿ ಗೇರಿನಲ್ಲೇ ಓಡುತ್ತಿತ್ತು. ಥರ್ಡ್ ಎಂದರೆ ಅವನು ಹೋಗುತ್ತಿರಲಿಲ್ಲ.

ಎಂಬತ್ತರ ದಶಕದ ನಡುವಿನ ಒಂದು ನವೆಂಬರ್, ಹನ್ನೆರಡನೆಯ ತಾರೀಕು. ಬೆಳಗಿನ ಪಾಳಿ. ಕೊಲ್ಲಿಯಲ್ಲಿ ಏನೋ ಹುಟ್ಟಿದೆ ಎಂದು ಎರಡು ದಿನದಿಂದ ಗೊತ್ತಿತ್ತು, ಎಷ್ಟು ಬಲಿತಿದೆ ಎಂದು ಗೊತ್ತಿರಲಿಲ್ಲ. ಅದರ ಹತ್ತಿರವಿದ್ದದ್ದು ಒಂದೇ ಒಂದು ಹಡಗು, ಪರದೇಶದ್ದು. ಅದರ ವರದಿ ಬಂತು. ಗಾಳಿಯ ಜಾಗದಲ್ಲಿ ಇಪ್ಪತ್ತೈದು. ಎರಡೂವರೆ ಗರಿ ಎಳೆದೆ. ಒತ್ತಡ ಒಂಬೈನೂರ ತೊಂಬತ್ತನಾಲ್ಕು. ಬರೆದೆ. ಮುಂದಿನದಕ್ಕೆ ಹೋದೆ.

ನಮ್ಮ ಸಾಹೇಬರು ರೇವಣಸಿದ್ದಯ್ಯನವರು, ಬಾಗಲಕೋಟೆ ಕಡೆಯವರು, ಬೆನ್ನ ಹಿಂದೆ ಬಂದು ನಿಂತರು.

“ಏನ್ರೀ ಉಗ್ರಪ್ಪ, ಒತ್ತಡ ಇಷ್ಟ್ ಇಳದೈತಿ, ಗಾಳಿ ಬರೇ ಇಪ್ಪತ್ತೈದ? ಹೊಂದವಲ್ದಲ್ರೀ. ಮತ್ತೊಮ್ಮೆ ವರದಿ ನೋಡ್ರಿ.”

“ನೋಡಿದೀನಿ ಸಾರ್.”

“ಪೂರಾ ನೋಡೀರಿ?”

“ಪೂರಾ ನೋಡಿದೀನಿ ಸಾರ್.”

ನೋಡಿರಲಿಲ್ಲ. ತಲೆ ಕೂಡ ಎತ್ತಲಿಲ್ಲ. ಗಡಿಯಾರ ನೋಡುತ್ತಿದ್ದೆ, ಮೂವತ್ತೆಂಟು ನಿಮಿಷವಾಗಿತ್ತು.

ಒತ್ತಡ ಇಳಿದಷ್ಟೂ ಗಾಳಿ ಜೋರಾಗಿರಬೇಕು. ಎರಡು ಅಂಕಿ ಹಾಗೆ ಒಂದಕ್ಕೊಂದು ಹೊಂದದಿದ್ದರೆ, ಅನುಮಾನ ಬಂದದ್ದನ್ನು ಪೆನ್ಸಿಲಿನಲ್ಲಿ ಸುತ್ತಿ ಪಕ್ಕಕ್ಕಿಡುವುದು ನಮ್ಮಲ್ಲಿದ್ದ ಪದ್ಧತಿ. ರೇವಣಸಿದ್ದಯ್ಯನವರು ನನ್ನ ಮಾತು ನಂಬಿದರು. ಪೆನ್ಸಿಲ್ ತೆಗೆದು ಒತ್ತಡದ ಸುತ್ತ ಒಂದು ಸೊನ್ನೆ ಎಳೆದರು. ಹಡಗಿನವರ ಮಾಪಕ ಕೆಟ್ಟಿರಬೇಕು ಅಂದರು. ನನ್ನ ಗಾಳಿ ಉಳಿಯಿತು. ನಮ್ಮ ನಕ್ಷೆಯಲ್ಲಿ ಅದು ಬರೀ ವಾಯುಭಾರ ಕುಸಿತ.

ನಮ್ಮ ನಕ್ಷೆಯಿಂದ ಯಾವ ಬಂದರಿಗೂ ಎಚ್ಚರಿಕೆ ಹೋಗುತ್ತಿರಲಿಲ್ಲ. ಆ ಕೆಲಸ ಬೇರೆ ಊರಿನ ಕಚೇರಿಯದು, ಅವರು ಅವರ ವರದಿ ಅವರೇ ಓದಿಕೊಳ್ಳುತ್ತಾರೆ. ನನ್ನ ತಪ್ಪು ಆ ಕೋಣೆಯಲ್ಲೇ ಸಾಯಬೇಕಿತ್ತು. ನಾನೇ ಅದನ್ನು ಹೊತ್ತುಕೊಂಡು ಬಸ್ ಹತ್ತಿದೆ.

ಮಧ್ಯಾಹ್ನ ಎರಡು ಗಂಟೆಗೆ ನಾಯಂಡಹಳ್ಳಿಯಲ್ಲಿ ಇಳಿದೆ. ಗೋಡೌನಿನ ಎದುರಿನ ಟೀ ಅಂಗಡಿಯಲ್ಲಿ ಚಿಕ್ಕಮುನಿಯಪ್ಪ ಬನ್ನು ಅದ್ದಿಕೊಂಡು ತಿನ್ನುತ್ತಿದ್ದ. ಲಾರಿ ಹೇರಿ, ಹಗ್ಗ ಬಿಗಿದು ನಿಂತಿತ್ತು.

“ಬಾ ಉಗ್ರಣ್ಣ. ಸಮುದ್ರ ಯಾವ್ ಗೇರಲ್ಲದೆ?”

“ಫಸ್ಟ್ ಕಣೋ. ಅದೂ ಒಂದ್ ಹಂಪ್ ಬಂದ್ರೆ ಆಫ್ ಆಗೋ ಫಸ್ಟು.”

“ನಮ್ ಗೋಡೌನ್ ರೈಟರ್ ನಾಗರಾಜು ಬ್ಯಾಡ ಅಂತಾವ್ನೆ. ಅವನ ಭಾಮೈದ ಅಲ್ಲಿಂದ ಫೋನ್ ಮಾಡಿದ್ನಂತೆ, ಮೋಡ ಒಂಥರಾ ಅದೆ ಅಂತ. ನಾಳಿದ್ದು ಎತ್ತು ಗಾಡಿ ಅಂತಾನೆ.”

“ಮೋಡಕ್ಕೆ ಹೆದ್ರೋನು ಛತ್ರಿ ಅಂಗಡಿ ಇಟ್ಕೊಳ್ಲಿ ಅನ್ನು. ಇವತ್ತು ಬೆಳಿಗ್ಗೆ ನನ್ ಕೈಯಾರೆ ಬರ್ದಿದೀನಿ. ಇಪ್ಪತ್ತೈದು.”

ಅವನು ನಕ್ಕು, ಗೋಡೌನಿನ ಬಾಗಿಲ ಕಡೆ ತಿರುಗಿ ಕೂಗಿದ: “ನಾಗರಾಜೂ, ಕೇಳಿಸ್ತೇನಯ್ಯ? ಛತ್ರಿ ಅಂಗಡಿ ಇಡ್ಬೇಕಂತೆ ನೀನು!” ಆಮೇಲೆ ಉಳಿದರ್ಧ ಬನ್ನು ನನ್ನ ಕೈಗಿಟ್ಟ. “ನೀನ್ ಹೇಳಿದ್ ಮ್ಯಾಕೆ ಮುಗೀತು ಬಿಡಣ್ಣ. ಬೋರಿಗೆ ಹೇಳ್ಬುಡು, ಗುರುವಾರ ಬತ್ತೀನಿ ಅಂತ.”

ಲಾರಿ ಹೋಯಿತು. ನಾನು ಬನ್ನು ತಿಂದೆ.

ಸಂಜೆ ವಾರ್ತೆಯ ಹೊತ್ತಿಗೆ ಅವನ ಹೆಂಡತಿ ಬೋರಮ್ಮ ನಮ್ಮ ಬಾಗಿಲಿಗೆ ಬಂದಳು. ಕೈಯಲ್ಲಿ ಒಂದು ಚೀಟಿ.

“ಅಣ್ಣಾ, ರೇಡಿಯೋದಲ್ಲಿ ತೀವ್ರ ಚಂಡಮಾರುತ ಅಂದ್ರು. ನೆಲ್ಲೂರು ಅಂತಾನೂ ಅಂದ್ರು.”

“ನೆಲ್ಲೂರು ಅಂದ್ರೆ ನಿಮ್ ಹಿತ್ಲೇನಮ್ಮ? ಜಿಲ್ಲೆ ಅದು. ಎಲ್ಲೋ ಒಂದ್ ಕಡೆ ಬರುತ್ತೆ, ಎಲ್ಲೋ ಒಂದ್ ಕಡೆ ಹೋಗುತ್ತೆ.”

“ಪಲಮನೇರಲ್ಲಿ ಎಂಟು ಗಂಟೆಗೆ ಊಟಕ್ಕೆ ನಿಲ್ಲಿಸ್ತಾರೆ. ಆ ಓಟ್ಲು ನಂಬ್ರು ಇದ್ರಲ್ಲದೆ. ಅಕ್ಕಿ ಗಿರಣಿಯೋರ ಮನೇಲಿ ಫೋನದೆಯಲ್ಲ, ಒಂದ್ ಮಾತು ಹೇಳಿ ತಿರುಗಿಸ್ಕೊಂಡ್ ಬರೋಕೆ ಹೇಳಣ್ಣ. ನಂಗೆ ಟ್ರಂಕ್ ಕಾಲ್ ಎಲ್ಲ ಬರಕ್ಕಿಲ್ಲ.”

ಈಗ ನಿಜ ಹೇಳುತ್ತೇನೆ. ಅವಳು ‘ತೀವ್ರ’ ಎಂದಾಗಲೇ ನನ್ನ ಕಣ್ಣ ಮುಂದೆ ಆ ಪೆನ್ಸಿಲ್ ಸೊನ್ನೆ ಬಂತು. ಒಂಬೈನೂರ ತೊಂಬತ್ತನಾಲ್ಕು. ಅಷ್ಟು ಇಳಿದ ಒತ್ತಡಕ್ಕೆ ಎರಡೂವರೆ ಗರಿ ಸಾಲದು ಎಂದು ಅಷ್ಟು ವರ್ಷ ಆ ಮೇಜಿನ ಮುಂದೆ ಕುಳಿತವನಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೆ ಗಿರಣಿಯವರ ಮನೆಗೆ ಹೋಗಿ, ಹತ್ತು ಜನರೆದುರು ಫೋನಿನಲ್ಲಿ ಕಿರುಚಿ, ‘ಮಧ್ಯಾಹ್ನ ಫಸ್ಟ್ ಅಂದಿದ್ದೆ, ಅದು ಟಾಪು, ವಾಪಸ್ ಬಾ’ ಎನ್ನಬೇಕಿತ್ತು. ನಾಳೆ ನಾಗರಾಜು ನಗುತ್ತಾನೆ. ನನ್ನ ತಲೆಯಲ್ಲಿದ್ದದ್ದು ಅದು, ಇಷ್ಟೇ.

“ರೇಡಿಯೋದೋರು ಜಾಸ್ತಿನೇ ಹೇಳೋದು, ಜನ ಹುಷಾರಾಗಿರ್ಲಿ ಅಂತ,” ಎಂದೆ. “ನಾನ್ ನೋಡಿದೀನಲ್ಲ. ಹೋಗು, ಮಲಗು.”

ಅವಳ ಮುಖ ಸಡಿಲವಾಯಿತು. “ನೀನ್ ನೋಡಿದ್ಮೇಲೆ ಸರಿ ಬಿಡಣ್ಣ,” ಎಂದು ಚೀಟಿಯನ್ನು ಮಡಚಿ ಸೆರಗಿನ ತುದಿಗೆ ಗಂಟು ಹಾಕಿಕೊಂಡು ಹೋದಳು.

ಮರುದಿನ ಬೆಳಿಗ್ಗೆ ಕಚೇರಿಗೆ ಎಲ್ಲರಿಗಿಂತ ಮೊದಲು ಹೋದೆ. ಹಿಂದಿನ ದಿನದ ಟೆಲಿಪ್ರಿಂಟರ್ ಹಾಳೆಗಳು ಮೊಳೆಗೆ ಚುಚ್ಚಿದ್ದವು. ಆ ಹಡಗಿನ ವರದಿ ತೆಗೆದೆ. ಮೊದಲ ಸಾಲಿನ ಒಂದು ಗುಂಪಿನಲ್ಲಿ ತಾರೀಕು, ಹೊತ್ತು, ಕೊನೆಗೆ ಒಂದು ಅಂಕಿ ಇರುತ್ತದೆ. ಗಾಳಿಯನ್ನು ಯಾವ ಅಳತೆಯಲ್ಲಿ ಹೇಳಿದ್ದಾರೆ ಎಂದು ಆ ಕೊನೆಯ ಅಂಕಿ ಹೇಳುತ್ತದೆ. ನಾಲ್ಕಿದ್ದರೆ ನಾಟ್. ನಮಗೆ ಬರುತ್ತಿದ್ದದ್ದು ಹೆಚ್ಚಾಗಿ ನಾಲ್ಕೇ. ಹಾಗಾಗಿ ಆ ಗುಂಪನ್ನು ನೋಡುವುದನ್ನೇ ಬಿಟ್ಟಿದ್ದೆ. ನಲವತ್ತು ನಿಮಿಷದ ಗುಟ್ಟು ಅದೇ.

ಅಲ್ಲಿ ಒಂದು ಎಂದಿತ್ತು. ಒಂದು ಎಂದರೆ ಸೆಕೆಂಡಿಗೆ ಇಷ್ಟು ಮೀಟರ್ ಎಂಬ ಲೆಕ್ಕ, ನಾಟಿಗೆ ತಿರುಗಿಸಿದರೆ ಹೆಚ್ಚುಕಡಿಮೆ ಎರಡರಷ್ಟು. ಇಪ್ಪತ್ತೈದು ಅಲ್ಲ, ಐವತ್ತರ ಹತ್ತಿರ. ಗರಿಯಲ್ಲ, ಬಾವುಟ. ತೀವ್ರ ಚಂಡಮಾರುತ. ಒತ್ತಡ ಸರಿಯಾಗಿಯೇ ಇತ್ತು. ಆ ಹಡಗಿನ ಪುಣ್ಯಾತ್ಮ ಅಲೆಗಳ ನಡುವೆ ನಿಂತು ಸರಿಯಾಗಿ ಓದಿ ಕಳಿಸಿದ್ದ, ನಾವು ಕುರ್ಚಿಯಲ್ಲಿ ಕುಳಿತು ಅವನ ಮಾಪಕ ಕೆಟ್ಟಿದೆ ಎಂದಿದ್ದೆವು.

ನೆಲ್ಲೂರಿಗೆ ಟ್ರಂಕ್ ಕಾಲ್ ಹಾಕಿದೆ. ಒಂದು ಗಂಟೆಯಾದ ಮೇಲೆ ಎಕ್ಸ್‌ಚೇಂಜಿನ ಹೆಂಗಸು, “ಲೈನ್ ಸಿಗ್ತಿಲ್ಲ ಸಾರ್,” ಎಂದಳು. ಮತ್ತೆ ಹಾಕಿದೆ. ಮೂರನೆಯ ಸಲ ಅವಳು ಗದರಿದಳು: “ಲೈನೇ ಬಿದ್ದೋಗಿದೆಯಂತೆ ಸಾರ್, ಎಷ್ಟ್ ಸಲ ಹೇಳ್ಲಿ?”

ರೇವಣಸಿದ್ದಯ್ಯನವರಿಗೆ ಹಾಳೆ ತೋರಿಸಿದೆ. ಅವರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ನೋಡಿದರು.

“ನೋಡೀನಿ ಅಂದ್ರಲ್ರೀ.”

ನಾನು ಡ್ರಾಯರಿನಲ್ಲಿ ಬ್ಲೇಡು ಹುಡುಕತೊಡಗಿದೆ.

“ನಮ್ಮ ನಕ್ಷೆಯಿಂದ ಯಾರಿಗೂ ಏನೂ ಆಗಂಗಿಲ್ಲ. ತಿದ್ದಿ ಸಹಿ ಮಾಡ್ರಿ, ಬಿಡ್ರಿ,” ಎಂದರು. ಒಳ್ಳೆಯ ಮನುಷ್ಯ, ನನಗೆ ಸಮಾಧಾನವಾಗಲಿ ಎಂದೇ ಹೇಳಿದ್ದು. ನಾನು ಎರಡೂವರೆ ಗರಿಗಳನ್ನು ಬ್ಲೇಡಿನಲ್ಲಿ ಕೆರೆದು, ಬಾವುಟ ಬರೆದೆ. ಬಾವುಟ ಚೆನ್ನಾಗಿಯೇ ಬಂತು. ಆ ಸಂಜೆ ಗಾಳಿ ದಡ ಹತ್ತಿತು.

ಗುರುವಾರ ಬಂತು, ಹೋಯಿತು. ನಾಗರಾಜು ಇನ್ನೊಂದು ಲಾರಿಯಲ್ಲಿ ಹುಡುಕಿಕೊಂಡು ಹೋದ. ಐದು ದಿನವಾದ ಮೇಲೆ ಬಂದು ಬೋರಮ್ಮನ ಜಗಲಿಯಲ್ಲಿ ಕುಳಿತ. ಅವಳ ಅಣ್ಣ ಹನುಮಂತಯ್ಯ ರಾಮನಗರದಿಂದ ಬಂದಿದ್ದ. ನಾನು ಕಂಬಕ್ಕೆ ಒರಗಿ ನಿಂತಿದ್ದೆ.

ಲಾರಿ ಒಂದು ಹಳ್ಳದಲ್ಲಿ ಮಗುಚಿ ಬಿದ್ದಿತ್ತಂತೆ. ಉಪ್ಪಿನ ಚೀಲಗಳು ಕಟ್ಟಿದ ಹಾಗೆಯೇ ಇದ್ದವಂತೆ, ಬಾಯಿ ಹೊಲಿದದ್ದು ಬಿಚ್ಚದೆ. ಒಳಗೆ ಉಪ್ಪು ಮಾತ್ರ ಇರಲಿಲ್ಲ. ಮನುಷ್ಯನೂ ಸಿಗಲಿಲ್ಲ.

“ಅಲ್ಲಿ ಉಪ್ಪು ತುಂಬ್ಸೋ ಮೇಸ್ತ್ರಿ ಹೇಳ್ದ,” ನಾಗರಾಜು ನನ್ನ ಕಡೆ ನೋಡದೆ ಹೇಳಿದ. “ಬೆಳಿಗ್ಗೆನೇ ಪೊಲೀಸ್ನೋರು ಬಂದು ಎಲ್ರನ್ನೂ ಎಬ್ಬಿಸವ್ರೆ. ಎಲ್ಲಾ ಲಾರಿ ಖಾಲಿನೇ ವಾಪಸ್ ಹೋಗವೆ. ಇವ್ನು ಮಾತ್ರ, ನಮ್ ಉಗ್ರಣ್ಣ ಫಸ್ಟ್ ಗೇರ್ ಅಂದವ್ರೆ, ನೀವು ಹೆದ್ರುಪುಕ್ಲು ನನ್ ಮಕ್ಳು ಅಂತ ನಕ್ಕೊಂಡು, ಲೋಡ್ ಆಗೋ ಗಂಟ ಕೂತವ್ನೆ.”

ಬೋರಮ್ಮ ಅಳಲಿಲ್ಲ. ಹನುಮಂತಯ್ಯ ಮೆಲ್ಲಗೆ ಮುಂದಿನ ಕಾರ್ಯದ ಮಾತೆತ್ತಿದ. ಹೆಣ ಸಿಗದಿದ್ದರೆ ದರ್ಭೆಯ ಗೊಂಬೆ ಮಾಡಿ ಸುಡುತ್ತಾರೆ, ಪುರೋಹಿತರನ್ನು ಕೇಳಿದ್ದೇನೆ ಎಂದ.

“ಯಾರಿಗ್ ಮಾಡ್ತೀಯ ಕಾರ್ಯ?” ಎಂದಳು ಬೋರಮ್ಮ. “ಉಗ್ರಣ್ಣ ಫಸ್ಟ್ ಅಂದವ್ರೆ. ಹನ್ನೆರಡು ವರ್ಷದಿಂದ ಒಂದ್ ದಿನಾನೂ ತಪ್ಪಿಲ್ಲ ಅವ್ರ ಮಾತು. ಫಸ್ಟ್ ಗೇರಲ್ಲಿ ಎಲ್ಲಾದ್ರೂ ಜನ ಸಾಯ್ತಾರಾ? ಎಲ್ಲೋ ಸಿಕ್ಕೊಂಡವ್ರೆ. ಬತ್ತಾರೆ.”

ಇಪ್ಪತ್ತು ದಿನ ಹೀಗೇ ನಡೆಯಿತು. ಕುಂಕುಮ ಇಡುತ್ತಿದ್ದಳು, ಅವನ ಅಂಗಿ ಒಗೆದು ಒಣಗಿಸುತ್ತಿದ್ದಳು, ಲಾರಿ ಸದ್ದಾದರೆ ಬೀದಿಗೆ ಬರುತ್ತಿದ್ದಳು. ಹನುಮಂತಯ್ಯ ಕೊನೆಗೆ ನನ್ನ ಬಾಗಿಲಿಗೆ ಬಂದ. “ಸ್ವಾಮಿ, ನಾವ್ ಹೇಳಿದ್ರೆ ಕೇಳಲ್ಲ. ನೀವೊಂದ್ ಮಾತು ಹೇಳ್ಬುಡಿ.”

ಒಂದು ಮಾತು! ಅವಳ ಗಂಡ ಬದುಕಿದ್ದದ್ದು ನನ್ನ ತಪ್ಪು ಅಂಕಿಯಲ್ಲಿ ಮಾತ್ರ. ಅದನ್ನು ತಪ್ಪೆಂದು ಒಪ್ಪಿಕೊಂಡರೆ ಅವನು ಇನ್ನೊಮ್ಮೆ ಸಾಯುತ್ತಾನೆ, ಈ ಸಲ ನನ್ನ ಬಾಯಿಂದ.

ಹೋದೆ. ಜೇಬಿನಲ್ಲಿ ಆ ಟೆಲಿಪ್ರಿಂಟರ್ ಹಾಳೆ ಇತ್ತು. ಅವಳು ರಾಗಿ ಕೇರುತ್ತಿದ್ದಳು. ಹಾಳೆ ಬಿಡಿಸಿ ನೆಲದ ಮೇಲಿಟ್ಟು ಎಲ್ಲ ಹೇಳಿದೆ. ನಾಲ್ಕು ಇರಬೇಕಾದಲ್ಲಿ ಒಂದು ಇತ್ತು, ನಾನು ನೋಡಲಿಲ್ಲ, ನೋಡಿದ್ದೇನೆ ಎಂದು ಸುಳ್ಳು ಹೇಳಿದೆ, ಅದು ಫಸ್ಟ್ ಆಗಿರಲಿಲ್ಲ, ಟಾಪ್ ಆಗಿತ್ತು.

ಅವಳು ಮೊರ ಕೆಳಗಿಟ್ಟಳು. ಅಂಕಿಯ ಮೇಲೆ ಬೆರಳಿಟ್ಟು ಬಹಳ ಹೊತ್ತು ನೋಡಿದಳು. ಓದು ಬರದವಳು, ಆದರೆ ಒಂದು ಯಾರಿಗೆ ಗೊತ್ತಾಗುವುದಿಲ್ಲ?

“ಇದು ಬೆಳಿಗ್ಗೆ ಆಗಿದ್ದು,” ಎಂದಳು.

“ಹೂಂ.”

“ಕೆಲ್ಸದಲ್ಲಿ ತಪ್ಪಾಯ್ತದೆ. ಅವ್ರೂ ಎಷ್ಟೋ ಸಲ ಗಾಡಿ ಗುದ್ದಿಸವ್ರೆ.” ಸೆರಗಿನ ತುದಿಯ ಗಂಟನ್ನು ಬಿಚ್ಚಿದಳು. ಚೀಟಿ ಇನ್ನೂ ಅಲ್ಲೇ ಇತ್ತು, ನೀರು ಬಿದ್ದು ಅಕ್ಷರ ಕದಡಿತ್ತು. “ಸಾಯಂಕಾಲ ನಾನ್ ಬಂದಿದ್ನಲ್ಲಣ್ಣ. ಆವಾಗ ಅವ್ರು ಪಲಮನೇರನ್ನೂ ಮುಟ್ಟಿರ್ಲಿಲ್ಲ. ಆವಾಗ ನಿಂಗೆ ಗೊತ್ತಿತ್ತಾ?”

ಅಲ್ಲಿಯಾದರೂ ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. ಏನೂ ಹೇಳಲಿಲ್ಲ. ಅಷ್ಟು ಸಾಕಾಯಿತು ಅವಳಿಗೆ.

ಎದ್ದು ಒಳಗೆ ಹೋದಳು. ಬಳೆ ಒಡೆದ ಸದ್ದು ಕೇಳಿಸಿತು. ಮೊದಲು ಒಂದು ಕೈಯದು, ಸ್ವಲ್ಪ ತಡೆದು ಇನ್ನೊಂದರದು.

ದರ್ಭೆಯ ಗೊಂಬೆಯನ್ನು ಮರುದಿನವೇ ಸುಟ್ಟರು. ನಾನು ಹೋಗಿದ್ದೆ. ಯಾರೂ ಬರಬೇಡ ಎನ್ನಲಿಲ್ಲ, ಬಾ ಎಂದೂ ಕರೆಯಲಿಲ್ಲ.

ಅವಳು ಊರು ಬಿಡಲಿಲ್ಲ, ನಾನೂ ಬಿಡಲಿಲ್ಲ. ಎರಡು ಮನೆಗೆ ಒಂದೇ ಗೋಡೆ. ಕಚೇರಿಯಲ್ಲಿ ನಾನು ಆ ಕೊನೆಯ ಅಂಕಿಯನ್ನು ಪ್ರತಿ ಸಲ ಮೂರು ಮೂರು ಬಾರಿ ನೋಡುತ್ತಿದ್ದೆ, ಒಂದು ನಕ್ಷೆಗೆ ಒಂದೂವರೆ ಗಂಟೆ ತೆಗೆದುಕೊಳ್ಳುತ್ತಿದ್ದೆ, ಎಲ್ಲರೂ ಉಗ್ರಪ್ಪನಿಗೆ ವಯಸ್ಸಾಯಿತು ಎಂದರು. ಅದರಿಂದ ಯಾರೂ ವಾಪಸ್ ಬರಲಿಲ್ಲ. ಬೀದಿಯವರೆಲ್ಲ ಎಂದಿನಂತೆ ಕೇಳುತ್ತಿದ್ದರು, ಮದುವೆ ಇಟ್ಕೊಂಡಿದೀವಿ, ಮಳೆ ಬರುತ್ತಾ ಸಾರ್ ಎಂದು. ಬೋರಮ್ಮ ಮಾತ್ರ ಹಪ್ಪಳ ಹಾಕುವ ದಿನ ಹೊರಗೆ ಬಂದು, ನಾನು ಜಗಲಿಯಲ್ಲೇ ಕುಳಿತಿದ್ದರೂ, ತಲೆ ಎತ್ತಿ ಆಕಾಶ ನೋಡಿಕೊಂಡು ಚಾಪೆ ಹಾಸುತ್ತಿದ್ದಳು. ಕೆಲವು ದಿನ ಅವಳ ಹಪ್ಪಳ ನೆನೆದು ಹಾಳಾಗುತ್ತಿತ್ತು. ಮಳೆ ಬರುತ್ತದೆಂದು ನನಗೆ ಬೆಳಿಗ್ಗೆಯೇ ಗೊತ್ತಿರುತ್ತಿತ್ತು. ಹೇಳಲು ಬಾಯಿ ಇರಲಿಲ್ಲ.