ಹೇಳದೆ ಉಳಿದ ಖೋ

ಅಮೆರಿಕದ ಮಹಿಳಾ ಖೋ ಖೋ ತಂಡ ವಿಶ್ವಕಪ್ಪಿಗೆಂದು ದೆಹಲಿಗೆ ಹೊರಡಲು ನಾಲ್ಕೇ ದಿನ ಉಳಿದಿತ್ತು. ನಾರ್‌ಕ್ರಾಸ್ ಊರಿನ ಬಾಡಿಗೆ ಜಿಮ್‌ನಲ್ಲಿ ಕೊನೆಯ ಅಭ್ಯಾಸ ನಡೆಯುತ್ತಿತ್ತು. ಹದಿನೈದು ಆಟಗಾರ್ತಿಯರ ಪಟ್ಟಿಯನ್ನು ಕೋಚ್ ಗುಲಾಬಿ ಅಂದು ಸಂಜೆಯೊಳಗೆ ಕಳಿಸಬೇಕಿತ್ತು. ಹದಿನಾಲ್ಕು ಹೆಸರು ಬರೆದಾಗಿತ್ತು. ಹದಿನೈದನೆಯದು ಹರಿಣಿಯದಾಗಬೇಕಿತ್ತು. ಏಳು ವರ್ಷದಿಂದ ನಾಲ್ಕು ಗಂಟೆ ದೂರದ ಶಾರ್ಲಟ್‌ನಿಂದ ಡ್ರೈವ್ ಮಾಡಿಕೊಂಡು ಬರುತ್ತಿದ್ದ ಹುಡುಗಿ ಅವಳು.

ಸಾಲಿನಲ್ಲಿ ಕುಕ್ಕರಗಾಲಲ್ಲಿ ಕೂತವಳು, ಜೊತೆಯವಳು ಹಿಂದಿನಿಂದ ಬೆನ್ನು ಮುಟ್ಟಿ ‘ಖೋ’ ಎಂದೊಡನೆ ಚಿಮ್ಮಬೇಕು. ಮೂರು ದಿನದಿಂದ ಹರಿಣಿ ಏಳುವಾಗ ನೆಲಕ್ಕೆ ಕೈ ಊರುತ್ತಿದ್ದಳು.

“ಏನೇ, ಅಜ್ಜಿ ತರ ಏಳ್ತೀಯಾ! ವಾಕರ್ ತರ್ಲಾ?” ಪಕ್ಕದಲ್ಲಿದ್ದ ಶ್ರೀಲಕ್ಷ್ಮಿ ರೇಗಿಸಿದಳು.

ಎಲ್ಲರೂ ನಕ್ಕರು. ಗುಲಾಬಿ ನಗಲಿಲ್ಲ.

“ಮಂಡಿ ನೋಯ್ತಿದ್ಯಾ?”

“ಇಲ್ಲ ಆಂಟಿ, ಐ ಆಮ್ ಫೈನ್. ಪ್ಲೀಸ್, ಇನ್ನೊಂದ್ಸಲ ನೋಡಿ.”

ಹತ್ತೊಂಬತ್ತರ ವಯಸ್ಸಿನಲ್ಲಿ ಗುಲಾಬಿಯೂ ಇದೇ ಸುಳ್ಳು ಹೇಳಿದ್ದಳು. ಮೇಷ್ಟ್ರು ನಂಬಿ ಆಡಿಸಿದ್ದರು. ಅದೇ ಅವಳ ಕೊನೆಯ ಆಟವಾಯಿತು. ಇಂದಿಗೂ ಮೆಟ್ಟಿಲು ಹತ್ತಲು ಅವಳಿಗೆ ಕಂಬಿ ಬೇಕು.

ಹರಿಣಿ ಮತ್ತೆ ಕೂತಳು. ಗುಲಾಬಿ ಹಿಂದಿನಿಂದ ಬಂದು ಅವಳ ಬೆನ್ನ ಮೇಲೆ ಅಂಗೈಯಿಟ್ಟಳು. ಆ ಮೈಯೆಲ್ಲ ಚಿಮ್ಮಲು ಬಿಗಿದು ನಿಂತಿತ್ತು. ‘ಖೋ’ ಎಂದು ಮಾತ್ರ ಗುಲಾಬಿ ಹೇಳಲಿಲ್ಲ.

ಖೋ ಎನ್ನದೆ ಎದ್ದರೆ ಫೌಲ್. ಹರಿಣಿ ಏಳಲಿಲ್ಲ, ಕಾದಳು. ಜಿಮ್‌ನಲ್ಲಿ ಬೂಟುಗಳ ಸದ್ದೂ ನಿಂತಿತು. ಬಹಳ ಹೊತ್ತಿನ ಮೇಲೆ ಅಂಗೈಯ ಕೆಳಗೆ ಅವಳ ಬೆನ್ನು ಅಳುವಿಗೆ ಸಣ್ಣಗೆ ಅದುರತೊಡಗಿತು. ಗುಲಾಬಿ ಕೈ ತೆಗೆಯಲಿಲ್ಲ.