ದೇವರ ಟಗರಿಗೆ ಎರೆದ ಹಾಲು

ಮಾರಿಕಣಿವೆಯಲ್ಲಿ ಅಣೆಕಟ್ಟೆ ಏಳುತ್ತಿದ್ದ ಕಾಲ. ಬಬ್ಬೂರಿನಾಚೆಯ ಹಟ್ಟಿಯಲ್ಲಿ ದೇವರಿಗೆ ಬಿಟ್ಟ ಟಗರು ಒಂದು ಶುಕ್ರವಾರ ಕುರಿರೊಪ್ಪದ ಬಾಗಿಲಲ್ಲೇ ಬಿದ್ದು ಸತ್ತಿತು. ತೀರ್ಥ ತರಲು ಹಾಲುರಾಮೇಶ್ವರಕ್ಕೆ ಹೋಗಿದ್ದ ಪೂಜಾರಿ ಜುಂಜಣ್ಣ ಬರುವುದು ಮಂಗಳವಾರ. ಅವನು ಬಂದು ತೀರ್ಥ ಹಾಕುವವರೆಗೆ ದೇವರ ಟಗರನ್ನು ಯಾರೂ ಮುಟ್ಟುವಂತಿಲ್ಲ. ಮುಟ್ಟಿದವರು ಮತ್ತೆ ಗುಡಿಯ ಹೊಸ್ತಿಲು ತುಳಿಯುವಂತಿಲ್ಲ. ಅದು ಒಂಟಿಯಾಗಬಾರದೆಂದು ರೊಪ್ಪದ ಕುರಿಗಳನ್ನೂ ಬೇರೆಡೆ ಕೂಡಿಹಾಕುವಂತಿಲ್ಲ. ದಿನಾ ಸಂಜೆ ಅದರ ಮೈಮೇಲೆ ಹಾಲೆರೆಯಬೇಕು.

ರೊಪ್ಪದೊಳಗೆ ಹೊಕ್ಕುಳು ಒಣಗದ ಹನ್ನೊಂದು ಮರಿಗಳಿದ್ದವು. ಗಂಡ ಕಟ್ಟೆಗೆ ಕಲ್ಲು ಹೊರಲು ಹೋಗಿದ್ದರಿಂದ ಅವುಗಳ ಭಾರವೆಲ್ಲ ಓಬವ್ವನ ಮೇಲಿತ್ತು.

ಮೊದಲ ದಿನ ಅವಳ ಮೂಗಿಗೆ ಉಣ್ಣೆಯ ವಾಸನೆ ಬಿಟ್ಟರೆ ಬೇರೇನೂ ಹತ್ತಲಿಲ್ಲ. ಆದರೂ ಹಸಿರು ನೊಣಗಳು ಎದುರುಗಾಳಿಯಲ್ಲೇ, ಯಾರೋ ಕರೆದಂತೆ, ನೆಟ್ಟಗೆ ಬಂದು ಟಗರಿನ ಕಣ್ಣಂಚಿಗೆ ಕೂತವು. ಓಬವ್ವ ದೂರದಿಂದಲೇ ಕಂಬಳಿ ಎಸೆದು ಮುಚ್ಚಿದಳು. ನೊಣಗಳು ಅಡಿಯಿಂದ ನುಗ್ಗಿದವು. ಕಣ್ಣಿಗೆ ಮರೆ ಮಾಡಬಹುದು, ವಾಸನೆಗೆ ಮರೆಯುಂಟೆ? ಮರುದಿನ ಟಗರಿನ ಹೊಟ್ಟೆ ನಗಾರಿಯಂತೆ ಬಿಗಿಯಿತು. ಅಂಬಲಿ ಹುಳಿಯೇಳುವ ಹಾಗೆ ಒಳಗೆ ಕಣ್ಣಿಗೆ ಕಾಣದ್ದೇನೋ ಕೆಲಸ ನಡೆಸಿತ್ತು. ಮೇಲೆರೆದ ಹಾಲು ಒಡೆದು, ಎರಡು ನಾತ ಬೆರೆತು, ಹಟ್ಟಿಯ ನೊಣವೆಲ್ಲ ಅಲ್ಲಿ ಸೇರಿತು. ಭಾನುವಾರ ಹುಳು ಮಿಜಿಗುಟ್ಟಿದವು. ನಾತ ಬದಲಾಯಿತು, ಕಪ್ಪು ದುಂಬಿಗಳೂ ಬಂದವು. ಹೆಣದ ಮೇಲೆ ಜಾಗ ಸಾಲದ ನೊಣ ಹಿಂದಿನ ದಿನವೇ ಮರಿಗಳ ಹಸಿ ಹೊಕ್ಕುಳಿಗೆ ತಿರುಗಿತ್ತು.

ಸಂಜೆ ಅತ್ತೆ ದೊಡ್ಡಕ್ಕ ಚೊಂಬು ಹಿಡಿದು ತಡವರಿಸುತ್ತ ಬಂದಳು. ಅವಳ ಕಣ್ಣು ಮಂಜಾಗಿ ವರ್ಷಗಳಾಗಿದ್ದವು.

"ಅತ್ತೆ, ಹಾಲು ಬ್ಯಾಡ ಕಣತ್ತೆ. ಈ ನಾತಕ್ಕೇ ನೊಣ ಮುತ್ತುತಾ ಅವೆ."

"ದೇವರ ಹಾಲಿಗೇ ಕೊಂಕು ತೆಗೀತೀಯೇನೇ? ನಮ್ಮತ್ತೆ ಎರೆದ್ಲು, ನಾನೂ ಎರೆದೆ. ನಿನ್ನ ಮೂಗೇನು ಹಟ್ಟಿಗೇ ಉದ್ದ ಐತಾ?"

ಓಬವ್ವ ಒಂದು ಮರಿ ತಂದು ಅತ್ತೆಯ ಮಡಿಲಿಗಿಟ್ಟು, ಅವಳ ಬೆರಳನ್ನು ಹೊಕ್ಕುಳಿಗೆ ಮುಟ್ಟಿಸಿದಳು. ಬೆರಳಡಿಯಲ್ಲಿ ಏನೋ ಹರಿದಾಡಿತು. ಮುದುಕಿ ಬೆಚ್ಚಿದಳು.

"ಎಷ್ಟು ಮರಿಗೆ ಹುಳ ಬಿದ್ದೈತೆ?"

"ಇದೂ ಸೇರಿ ಮೂರು. ಬೆಳಗ್ಗೆ ಒಂದು ಹೋಯ್ತು."

ನಲವತ್ತು ವರ್ಷ ಆ ಗುಡಿಯ ಅಂಗಳ ಸಾರಿಸಿದವಳು ದೊಡ್ಡಕ್ಕ. ಹಾಲಿನ ಚೊಂಬನ್ನು ಪಕ್ಕಕ್ಕೆ ಸರಿಸಿದಳು. ಆಮೇಲೆ, "ಹಗ್ಗ ತಾ," ಅಂದಳು.

"ನಾನು ಎಳೀತೀನಿ ಅತ್ತೆ."

"ಸುಮ್ನಿರೇ. ನಿನ್ನ ಮಕ್ಕಳ ಕೂದ್ಲು ಆ ಗುಡೀಲೇ ತೆಗೆಸ್ಬೇಕು. ನಾನಿನ್ನು ಎಷ್ಟು ದಿನ ಆ ಮೆಟ್ಟಿಲು ಹತ್ತೇನು?"

ಅವಳೇ ತಡವಿ ಕೊಂಬಿಗೆ ಹಗ್ಗ ಬಿಗಿದಳು. ಎಳೆದಾಗ ಉಣ್ಣೆ ಕಿತ್ತು ಬಂತು. ಅಡಿಯಿಂದ ಎದ್ದ ನಾತಕ್ಕೆ ಓಬವ್ವ ಮುಖ ತಿರುಗಿಸಿದಳು, ದೊಡ್ಡಕ್ಕ ತಿರುಗಿಸಲಿಲ್ಲ. "ಎಡಕ್ಕೆ ಬಾ ಅತ್ತೆ, ಅಲ್ಲಿ ಕಲ್ಲೈತೆ," ಎಂದು ಸೊಸೆ ಮುಂದೆ ದಾರಿ ಹೇಳುತ್ತ ನಡೆದಳು. ಹೆಜ್ಜೆಗೊಮ್ಮೆ ನಿಂತು, ಏದುಸಿರು ಬಿಟ್ಟು, ಮುದುಕಿ ಟಗರನ್ನು ಹಳ್ಳದ ತಗ್ಗಿಗೆ ಉರುಳಿಸಿ ಮೇಲೆ ಮಣ್ಣೆಳೆದಳು.

ಬೂದಿಯಲ್ಲಿ ಮೊಳಕೈವರೆಗೂ ತಿಕ್ಕಿ ತೊಳೆದು ಬಂದವಳು ರೊಪ್ಪದ ಬಾಗಿಲಲ್ಲೇ ಕುಂತಳು.

"ಬೇವಿನೆಣ್ಣೆ ಇಲ್ಲಿಡು. ಮರಿ ಕೊಡು," ಅಂದಳು. "ಕಣ್ಣು ಯಾತಕ್ಕೆ, ಹುಳ ಬೆರಳಿಗೆ ಸಿಕ್ತವೆ."