ಮಡಿಲಿಗೆ ಚೆಲ್ಲಿಕೊಂಡ ನೀರು

ಸಿರಿಗೇರಿಯ ಹುಲುಗೇಶನಿಗೆ ಇರುವುದು ಒಂದೇ ಬಾಯಿ, ಆದರೆ ಅದರೊಳಗೆ ಅರ್ಧ ಊರು ವಾಸ. ಸಿರುಗುಪ್ಪದ ದಾರಿಯಲ್ಲಿ ಆಟೋ ಓಡಿಸುತ್ತಲೇ ಅವನು ಬಸ್ ಕಂಡಕ್ಟರ್ ಆಗುತ್ತಾನೆ, ರೇಷನ್ ಅಂಗಡಿಯವನಾಗುತ್ತಾನೆ, ಆಂಧ್ರದ ಭತ್ತದ ವ್ಯಾಪಾರಿಯಾಗಿ ತೆಲುಗಿನಲ್ಲಿ ಚೌಕಾಸಿ ಮಾಡುತ್ತಾನೆ. ಮೊಬೈಲಿನಲ್ಲಿ ದಾರಿ ತೋರಿಸುವ ಹೆಣ್ಣುದನಿಗೆ ತನ್ನ ತಾಯಿ ವಿರೂಪಮ್ಮನ ಮಾತು ಬೆರೆಸಿ, "ನೂರು ಮೀಟರ್ ಆದಮ್ಯಾಲ ಬಲಕ್ಕ ತಿರುಗ್ರಿ. ತಿರುಗಲಿಲ್ಲಂದ್ರ ನಿಮ್ಮ ಕರ್ಮ, ನಾ ಹೇಳೋದು ಹೇಳೀನಿ" ಎಂದರೆ ಹಿಂದಿನ ಸೀಟಿನವರು ಹೊಟ್ಟೆ ಹಿಡಿದುಕೊಳ್ಳುತ್ತಿದ್ದರು.

ನಗದವಳು ಒಬ್ಬಳೇ, ಅವನ ಹೆಂಡತಿ ಸುಧಾರಾಣಿ.

ಅವನು ಬಾಯಿ ತೆರೆಯುವುದೇ ತಡ, ಇವಳು ಎದ್ದು ಒಳಗೆ ಹೋಗಿಬಿಡುತ್ತಿದ್ದಳು. ಮದುವೆಯಾದ ಹೊಸತರಲ್ಲಿ ಅವನ ಒಂದೊಂದು ಮಾತಿಗೂ ಬಿದ್ದು ಬಿದ್ದು ನಗುತ್ತಿದ್ದವಳು ಇವಳೇ ಹೌದೋ ಅಲ್ಲವೋ ಎಂದು ಓಣಿಯವರಿಗೆ ಸಂಶಯ. "ಬಿಗುಮಾನ ಬಂದೈತಿ ಆಕಿಗೆ" ಅಂದರು. ಅದು ಕಿವಿಗೆ ಬಿದ್ದಾಗ ಸುಧಾರಾಣಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ನಗುವ ಹಾಗಂತೂ ಇರಲಿಲ್ಲ. ನಕ್ಕರೆ ಮೂತ್ರ ಸೋರುತ್ತಿತ್ತು.

ಎರಡನೇ ಹೆರಿಗೆಯ ನಂತರ ಶುರುವಾದದ್ದು. ನಕ್ಕರೆ, ಸೀನಿದರೆ, ತುಂಬಿದ ಕೊಡ ಎತ್ತಿದರೆ ತಡೆಯಲಾಗದೆ ನಾಲ್ಕು ಹನಿ. ಅತ್ತೆಯ ಮುಂದೆ ಒಮ್ಮೆ ತಡವರಿಸುತ್ತ ಹೇಳಿದ್ದಳು. "ಹಡದ ಹೆಂಗಸಿಗೆ ಅದು ಇದ್ದದ್ದ. ಯಾರ ಮುಂದರ ಅಂದೀ ಮತ್ತ" ಎಂದು ವಿರೂಪಮ್ಮ ಆ ಮಾತಿಗೆ ಬೀಗ ಹಾಕಿದ್ದಳು. ಅಲ್ಲಿಂದ ಸುಧಾರಾಣಿ ತನಗೆ ತಾನೇ ಡಾಕ್ಟರಾದಳು. ಮೊದಲು ನೀರು ಬಿಟ್ಟಳು. ಕೋಳಿಗಳೂ ಬಾಯಿ ತೆರೆದು ನೆರಳು ಹುಡುಕುವ ಬಿಸಿಲಿನಲ್ಲಿ ಇವಳಿಗೆ ಇಡೀ ದಿನಕ್ಕೆ ಎರಡು ಲೋಟ. ಆಮೇಲೆ ನಗು ಬಿಟ್ಟಳು. ಒಮ್ಮೆ ಗಂಡನೊಡನೆ ಕೂಡಿದ್ದಾಗಲೇ ಹಾಸಿಗೆ ಒದ್ದೆಯಾದಂತಾಗಿ, ನಾಚಿಕೆಯಿಂದ ಹಿಡಿಯಷ್ಟಾಗಿ, ಮರುದಿನವೇ ಅತ್ತೆಯ ಕೋಣೆಗೆ ಚಾಪೆ ಸಾಗಿಸಿದಳು.

"ನನ್ನಿಂದ ಏನರ ತಪ್ಪಾತೇನು?" ಎಂದು ಹುಲುಗೇಶ ಕೇಳಿದ.

"ಅತ್ತೆವ್ವಗ ಮೊಣಕಾಲು ನೋವು. ಕಾಲು ಒತ್ತಬೇಕು" ಅಂದಳು.

ವರ್ಷ ಕಳೆಯಿತು. ಅಷ್ಟು ಒತ್ತಿಸಿಕೊಂಡ ಕಾಲು ಓಟದ ಪಂದ್ಯದಲ್ಲಿ ಗೆದ್ದು ಬರಬೇಕಿತ್ತು. ಹುಲುಗೇಶ ಕೇಳುವುದನ್ನು ಬಿಟ್ಟ. ಹೊರಗೆ ಊರನ್ನೆಲ್ಲ ನಗಿಸಿ ಬಂದವನು ಮನೆಯಲ್ಲಿ ಮೌನವಾಗಿ ಉಂಡು ಗೋಡೆಗೆ ಮುಖ ಮಾಡಿ ಮಲಗುತ್ತಿದ್ದ. ಗಂಡ ಕೈತಪ್ಪಿ ಹೋಗುತ್ತಿದ್ದಾನೆ ಎಂಬುದು ಅವಳಿಗೆ ಕಾಣುತ್ತಿತ್ತು. ಹೇಳಿಬಿಡೋಣವೆಂದರೆ ಇನ್ನೊಂದು ಹೆದರಿಕೆ. ಎಲ್ಲರನ್ನೂ ಅಣಕಿಸುವ ಬಾಯಿ ಅದು. ನಾಳೆ ತನ್ನ ಸಂಕಟವೇ ಆಟೋ ಸ್ಟ್ಯಾಂಡಿನ ನಗೆಗೆ ಸರಕಾದರೆ?

ಸುಧಾರಾಣಿ ಬೆಳಗಿನ ಹೊತ್ತು ಸುವರ್ಣಮ್ಮನ ಮಂಡಕ್ಕಿ ಒಗ್ಗರಣಿ-ಮಿರ್ಚಿ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದಳು. ಒಂದು ದಿನ ಬಾಣಲೆಗೆ ಮೆಣಸಿನಕಾಯಿ ಬಿದ್ದದ್ದೇ ಘಾಟು ಎದ್ದಿತು. ಕೆಮ್ಮಿನ ಮೇಲೆ ಕೆಮ್ಮು ಬಂದು ಅವಳ ಸೀರೆ ನೆನೆಯಿತು. ಎದುರಿಗೆ ಗಿರಾಕಿಗಳು ಸಾಲಾಗಿ ನಿಂತಿದ್ದರು. ಬೇರೇನೂ ತೋಚದೆ ಪಕ್ಕದ ನೀರಿನ ಚೊಂಬು ಎತ್ತಿ ಮಡಿಲಿಗೆ ಸುರಿದುಕೊಂಡಳು. "ಕೈ ಜಾರಿತು" ಅಂದಳು.

ಗಿರಾಕಿಗಳು ನಂಬಿದರು. ಸುವರ್ಣಮ್ಮ ನಂಬಲಿಲ್ಲ. ಗದ್ದಲ ಕರಗಿದ ಮೇಲೆ ಅವಳನ್ನು ಅಂಗಡಿಯ ಹಿಂದಕ್ಕೆ ಕರೆದಳು.

"ಎಷ್ಟು ವರ್ಷ ಆತು?"

"ಯಾವುದು ಅಕ್ಕಾ?"

"ಹಿಂಗ ಕೈ ಜಾರಾಕ ಹತ್ತಿ."

ಸುಧಾರಾಣಿ ತಲೆ ತಗ್ಗಿಸಿದಳು.

"ನಾ ಒಂದು ಮದುವಿ ಮನ್ಯಾಗ ಮಜ್ಜಿಗಿ ತಂಬಗಿನ ಸುರಕೊಂಡೀನಿ" ಅಂದಳು ಸುವರ್ಣಮ್ಮ. "ನೀ ಶಾಣ್ಯಾಕಿ ಅದಿ. ನೀರು ಚಲೋ. ಮಜ್ಜಿಗಿ ಸಂಜಿತನಕ ನಾರತೈತಿ."

ಅಳುತ್ತಲೇ ಸುಧಾರಾಣಿ ಎಲ್ಲವನ್ನೂ ಹೇಳಿದಳು. ಹೇಳಿದಷ್ಟೂ ಎದೆ ಹಗುರಾಯಿತು. ನಾಲ್ಕು ದಿನದಿಂದ ಮೂತ್ರ ಉರಿಯುತ್ತಿದೆ, ಉಷ್ಣ ಆಗಿದೆಯೆಂದು ಅತ್ತೆ ಕಾಲಿನ ಹೆಬ್ಬೆರಳಿಗೆ ಸುಣ್ಣ ಹಚ್ಚಿದ್ದಾರೆ ಎಂಬುದನ್ನೂ ಹೇಳಿದಳು.

"ಸುಣ್ಣ ಎಲಿಗೆ ಹಚ್ಚಾಕ ಹೇಳು. ನೀರು ಬಿಟ್ಟು ಸೋಂಕಿಗೆ ದಾರಿ ಮಾಡಿಕೊಟ್ಟಿ. ಮತ್ತ ಈ ಸೋರೋದು ಪಾಪನೂ ಅಲ್ಲ, ಹಣೆಬರಾನೂ ಅಲ್ಲ. ನಾ ಬಳ್ಳಾರಿ ಗಾಂಧಿನಗರದಾಗ ಡಾಕ್ಟರಮ್ಮಗ ತೋರಿಸಿ ಗುಣ ಆಗೀನಿ. ನಮ್ಮ ಸಿರುಗುಪ್ಪದಾಗೂ ತೋರಿಸಬೌದು. ಮೊದಲ ಹುಲುಗೇಶಗ ಹೇಳು."

"ಅವರು ನಕ್ಕರ?"

"ನಕ್ಕರ ನನ್ನ ಹತ್ರ ಕಳಸು. ಬಾಣಲಿ ಬಿಸಿನ ಐತಿ."

ಅವತ್ತು ಸಂಜೆ ಹುಲುಗೇಶ ಆಟೋ ತೊಳೆಯುತ್ತಿದ್ದ. ಸುಧಾರಾಣಿ ಅವನ ಮುಖ ನೋಡದೆ, ಆಟೋದ ಗಾಲಿಗೆ ಹೇಳುವಂತೆ, ಒಂದೇ ಉಸಿರಿಗೆ ಹೇಳಿದಳು. ಅವನ ಕೈಯಲ್ಲಿದ್ದ ಒದ್ದೆ ಬಟ್ಟೆ ಅಲ್ಲೇ ನಿಂತಿತು.

"ಬರೇ ಇಷ್ಟ ಆಗಿತ್ತೇನು?"

"ಹೂಂ."

"ನಾ ನಿನಗ ಬ್ಯಾಡಾಗೀನಿ ಅನ್ಕೊಂಡಿದ್ದೆ. ಬಾಯಿ ವಾಸನಿ ಬರತೈತೇನೋ ಅಂತ ಎರಡು ನಮೂನಿ ಪೇಸ್ಟು ಬದಲಿ ಮಾಡೀನಿ."

"ಇದನ್ನ ಸ್ಟ್ಯಾಂಡಿನ್ಯಾಗ ಆಡಿ ತೋರಿಸಬ್ಯಾಡ್ರಿ."

ಅವನಿಗೆ ಆ ಮಾತು ತಾಗಿತು. ಬಟ್ಟೆ ಹಿಂಡಿ ಪಕ್ಕಕ್ಕಿಟ್ಟ. "ಲೇ ಸುಧಾ, ಊರಾಗಿನ ಎಲ್ಲಾರ ದನಿ ತಗೀತೀನಿ. ನಿನ್ನ ದನಿ ಯಾವತ್ತರ ತಗದೀನೇನು?"

ಅವಳು ನೆನಪು ಮಾಡಿಕೊಂಡು ನೋಡಿದಳು. ತೆಗೆದಿರಲಿಲ್ಲ. ಒಮ್ಮೆಯೂ ಇಲ್ಲ.

ವಿರೂಪಮ್ಮ ಮಾತ್ರ ಒಪ್ಪಲಿಲ್ಲ. "ಉಚ್ಚಿ ಬರತೈತಂತ ದವಾಖಾನಿಗೆ ಹೋಗೋದು ನಾ ಎಲ್ಲೂ ಕಂಡಿಲ್ಲ. ಊರು ನಕ್ಕೀತು."

"ಊರನ್ನ ನಗಸೋದು ನನ್ನ ಉದ್ಯೋಗ, ಯವ್ವಾ. ಯಾವುದಕ್ಕ ನಗಬೇಕು ಅನ್ನೋದು ನಾ ನೋಡಿಕೊಂತೀನಿ. ನೀ ಬೇಕಾದ್ರ ಬಾ, ಕಾವಲಿಗೆ."

ಅವಳು ಕಾವಲಿಗೆಂದೇ ಬಂದಳು.

ಸಿರುಗುಪ್ಪದಲ್ಲಿ ಡಾಕ್ಟರ್ ದಾಕ್ಷಾಯಣಿ ಮೊದಲು ಸುಧಾರಾಣಿಯನ್ನು ಒಬ್ಬಳನ್ನೇ ಕೂರಿಸಿಕೊಂಡು ಕೇಳಿದರು, ಪರೀಕ್ಷೆ ಮಾಡಿದರು, ಮೂತ್ರ ತಪಾಸಣೆಗೆ ಕಳಿಸಿದರು. ಸೋಂಕು ಇತ್ತು, ಮಾತ್ರೆ ಬರೆದರು. "ಮನಿಯವರನ್ನ ಕರೀಲೇನು, ನಿಮಗ ಒಪ್ಪಿಗಿ ಇದ್ರ ಮಾತ್ರ" ಎಂದರು. ಅವಳು ತಲೆಯಾಡಿಸಿದ ಮೇಲೆಯೇ ಬಾಗಿಲು ತೆರೆಯಿತು.

"ಮೂತ್ರಚೀಲ, ಗರ್ಭಚೀಲ ಎರಡನ್ನೂ ಕೆಳಗಿನಿಂದ ಹೊತ್ತ ಸ್ನಾಯು ಇರತಾವ, ಕೂಸಿನ ಜೋಳಿಗಿ ಇದ್ದಂಗ. ಹೆರಿಗ್ಯಾಗ ಅದು ಜೋತು ಬಿದ್ದೈತಿ. ಮತ್ತ ಬಿಗಿ ಮಾಡಬೇಕು. ನಾಲ್ಕು ಮಂದಿ ನಡುವ ಹೂಸು ಬಂದ್ರ ಹೆಂಗ ತಡೀತೀರಿ?"

ಸುಧಾರಾಣಿ ಕೆಂಪಾದಳು. ಹುಲುಗೇಶ ತಿರುಗುವ ಫ್ಯಾನನ್ನು ಭಕ್ತಿಯಿಂದ ನೋಡತೊಡಗಿದ.

"ಹಂಗ ಒಳಗ ಬಿಗಿ ಹಿಡೀರಿ. ಐದು ಎಣಿಸೋತನಕ ಬಿಗಿ, ಐದು ಎಣಿಸೋತನಕ ಸಡ್ಲ. ಉಸಿರು ಕಟ್ಟಬ್ಯಾಡ್ರಿ, ಹೊಟ್ಟಿ ತೊಡಿ ಬಿಗಿಬ್ಯಾಡ್ರಿ. ಹತ್ತು ಸಲ, ದಿನಕ್ಕ ಮೂರು ಹೊತ್ತು. ಮೂತ್ರ ಮಾಡುವಾಗ ಮಾತ್ರ ಹಂಗ ತಡಿಯೋ ರೂಢಿ ಬ್ಯಾಡ. ಮೂರು ತಿಂಗಳು ಬಿಡದಂಗ ಮಾಡಿ ಬರ್ರಿ. ಸಾಲಲಿಲ್ಲಂದ್ರ ಬ್ಯಾರೆ ಇಲಾಜು ಐತಿ. ನೀರು ಬಿಡಬ್ಯಾಡ್ರಿ. ಮಲಬದ್ಧತಿ ಆಗದಂಗ ನೋಡಿಕೊಳ್ರಿ, ಭಾರ ಎತ್ತೋದು ಕಡಿಮಿ ಮಾಡ್ರಿ."

ಸುಧಾರಾಣಿ ನೆಲ ನೋಡುತ್ತ ಕೇಳಿದಳು: "ಮತ್ತ... ಇಬ್ಬರೂ ಕೂಡೋದು?"

"ಉರಿ ಹೋಗೋತನಕ ತಡೀರಿ. ಆಮ್ಯಾಲ ಧಾರಾಳ. ಮೊದಲೂ ಆಮ್ಯಾಲೂ ಮೂತ್ರಕ್ಕ ಹೋಗಿ ಬರ್ರಿ. ಒಂದು ದಪ್ಪ ಟವೆಲ್ ಹಾಸಿಕೊಂಡ್ರ ಗಾಬರಿ ಇರಂಗಿಲ್ಲ. ನೋವಾದ್ರ ನೋವು ಅನ್ರಿ, ಬ್ಯಾಡಾದ್ರ ಬ್ಯಾಡ ಅನ್ರಿ. ಹಲ್ಲು ಕಚ್ಚಿಕೊಂಡು ಸಹಿಸೋದಕ್ಕ ಸಂಸಾರ ಅನ್ನಂಗಿಲ್ಲ. ಸುಖ ಇಬ್ಬರದೂ. ಕೇಳಿತೇನ್ರಿ, ಫ್ಯಾನ್ ನೋಡೋವ್ರ?"

"ಕೇಳೀತ್ರಿ ಮೇಡಂ" ಅಂದ ಹುಲುಗೇಶ, ಜೀವಮಾನದಲ್ಲಿ ಮೊದಲ ಸಲ ಸ್ವಂತ ದನಿಯಲ್ಲಿ.

ಎದ್ದು ಹೊರಡುವಾಗ ಬಾಗಿಲ ಬಳಿ ನಿಂತಿದ್ದ ವಿರೂಪಮ್ಮ ಕೆಮ್ಮಿದಳು. "ಡಾಕ್ಟರಮ್ಮಾ, ಇದು ಮುದುಕ್ಯಾರಿಗೂ ನಡೀತೈತೇನು?"

ಮೂವರೂ ತಿರುಗಿದರು.

"ನನಗ ನಕ್ಕರ ಏನೂ ಆಗಂಗಿಲ್ಲ. ಬಂತಂದ್ರ ಬಂತ. ಬಾಗಲ ಮುಟ್ಟೂದ್ರಾಗ ಆಗಿಬಿಡತೈತಿ. ಕುರುಗೋಡಿನ್ಯಾಗ ಮಗಳು ಮನಿ ಕಟ್ಟಿಸ್ಯಾಳ. ಬಸ್ಸಿನ್ಯಾಗ ಕುಂದ್ರಾಕ ಅಂಜಿ ನಾ ಇನ್ನೂ ನೋಡಿಲ್ಲ."

ಸುಧಾರಾಣಿ ದಂಗಾದಳು. ಒಂದೇ ಕೋಣೆಯಲ್ಲಿ, ಪಕ್ಕಪಕ್ಕದ ಚಾಪೆಯಲ್ಲಿ, ಇಬ್ಬರು ಹೆಂಗಸರು ಒಂದೇ ಜಾತಿಯ ಸಂಕಟವನ್ನು ಮಾತಿಗೆ ತಾರದೆ ಮಲಗಿದ್ದರು. ಡಾಕ್ಟರು ವಿರೂಪಮ್ಮನಿಗೆ ಕುರ್ಚಿ ತೋರಿಸಿದರು. ಇದು ಬೇರೆ ಬಗೆಯದು, ಆದರೂ ಅದೇ ವ್ಯಾಯಾಮ ಇದಕ್ಕೂ ಆಗುತ್ತದೆ, ಸಕ್ಕರೆ ಕಾಯಿಲೆ ಇದೆಯೇ ನೋಡಬೇಕು, ಮೂತ್ರಚೀಲಕ್ಕೆ ಸ್ವಲ್ಪಸ್ವಲ್ಪವಾಗಿ ಕಾಯುವುದನ್ನು ಕಲಿಸಬಹುದು, ಮಾತ್ರೆಯೂ ಇದೆ ಎಂದರು.

ಉರಿ ಒಂದೇ ವಾರದಲ್ಲಿ ಹೋಯಿತು. ಸೋರುವುದು ಅಷ್ಟು ಬೇಗ ಬಗ್ಗಲಿಲ್ಲ. ಮೊದಲ ತಿಂಗಳು ಏನೂ ಕಾಣದೆ ಸುಧಾರಾಣಿ ಬಿಟ್ಟುಬಿಡಬೇಕೆಂದಿದ್ದಳು, ಸುವರ್ಣಮ್ಮ ಬಿಡಗೊಡಲಿಲ್ಲ. ಮಿರ್ಚಿ ಕರಿಯುತ್ತಲೇ "ಬಿಗಿ, ಸಡ್ಲ" ಎಂದು ಪಿಸುಗುಡುತ್ತಿದ್ದಳು. ಗಿರಾಕಿಗಳು ಅದು ಹಿಟ್ಟಿನ ಹದ ಅಂದುಕೊಂಡರು. ಮನೆಯಲ್ಲಿ ಟಿವಿ ಮುಂದೆ ಕೂತ ವಿರೂಪಮ್ಮ ಇದ್ದಕ್ಕಿದ್ದಂತೆ ಗಂಭೀರಳಾಗುತ್ತಿದ್ದಳು, ಆಗ ಯಾರೂ ಮಾತಾಡಿಸುವಂತಿರಲಿಲ್ಲ. ಅಷ್ಟರಲ್ಲಿ ಸುಧಾರಾಣಿಯ ಚಾಪೆಯೂ ಹಳೆಯ ಜಾಗಕ್ಕೆ ಹೊರಟುಹೋಗಿತ್ತು. ಕಾಲು ಒತ್ತುವವರಿಲ್ಲ ಎಂದು ವಿರೂಪಮ್ಮ ದೂರಲಿಲ್ಲ.

ಮೂರು ತಿಂಗಳು ದಾಟಿದ ಮೇಲೆ ಕುರುಗೋಡಿನ ಮಗಳ ಮನೆಗೆ ಉಡುಗೊರೆ ಸೀರೆ ತರಲು ಅತ್ತೆ, ಸೊಸೆ, ಮಗ ಬಸ್ಸು ಹತ್ತಿ ಬಳ್ಳಾರಿಗೆ ಬಂದರು. ಬ್ರೂಸ್‌ಪೇಟೆಯ ಅಂಗಡಿಯಲ್ಲಿ ವಿರೂಪಮ್ಮ ಎಪ್ಪತ್ತು ಸೀರೆ ಬಿಚ್ಚಿಸಿ, ಕೊನೆಗೆ ಮೊದಲನೆಯದನ್ನೇ ಹಿಡಿದು, "ಇದರಾಗ ಬಣ್ಣ ಇದ ಇರಬೇಕು, ಆದ್ರ ಬ್ಯಾರೆ ಇರಬೇಕು" ಅಂದಳು. ಅಂಗಡಿಯವನ ಮುಖ ನೋಡಿದ ಸುಧಾರಾಣಿಗೆ ನಗು ಉಕ್ಕಿತು. ಗಟ್ಟಿಯಾಗಿ, ಸೀರೆರಾಶಿಯ ಮೇಲೆ ಒರಗಿ ನಕ್ಕಳು. ನಡುವೆ ಒಂದು ಕ್ಷಣ ತಡೆದು ತನ್ನನ್ನು ತಾನೇ ಗಮನಿಸಿಕೊಂಡಳು. ಏನೂ ಆಗಿರಲಿಲ್ಲ. ಉಳಿದ ನಗುವನ್ನು ಯಾವ ಲೆಕ್ಕವೂ ಇಡದೆ ನಕ್ಕಳು. ಹುಲುಗೇಶ ಯಾರ ದನಿಯನ್ನೂ ತೆಗೆಯದೆ ನಿಂತು ಕೇಳಿದ.

ಇದನ್ನು ಓದುತ್ತಿರುವ, ಓದಿಸಿ ಕೇಳುತ್ತಿರುವ ಅಕ್ಕ ತಂಗಿಯರೇ, ಮೂತ್ರ ಸೋರುವುದು, ಉರಿಯುವುದು, ಗಂಡನೊಡನೆ ಕೂಡುವಾಗ ನೋವಾಗುವುದು, ಇವು ಬಹಳ ಹೆಂಗಸರಿಗೆ ಬರುತ್ತವೆ. ಬಹಳ ಮಂದಿಗೆ ಬರುತ್ತವೆ ಅಂದಮಾತ್ರಕ್ಕೆ ಸಹಿಸಬೇಕೆಂದಿಲ್ಲ. ಮೂತ್ರದಲ್ಲಿ ರಕ್ತ ಕಂಡರೆ, ಚಳಿಜ್ವರದ ಜೊತೆ ಬೆನ್ನು ನೋವು ಬಂದರೆ, ಮೂತ್ರ ಕಟ್ಟಿಕೊಂಡರೆ ಅವತ್ತೇ ಆಸ್ಪತ್ರೆಗೆ ಹೋಗಿ. ಕೆಳಗೆ ಏನೋ ಜಾರಿ ಬಂದಂತೆ ಅನಿಸಿದರೂ ತಡಮಾಡದೆ ತೋರಿಸಿ. ಅಣ್ಣ ತಮ್ಮಂದಿರೇ, ಮನೆಯಾಕೆ ದೂರ ಸರಿದರೆ ಮುನಿಯುವ ಮೊದಲು ಕೇಳಿ. ಹೇಳಿದಾಗ ನಗಬೇಡಿ, ಜೊತೆಗೆ ಹೋಗಿ. ನಾಚಿಕೆ ಎನಿಸಿದರೆ ಮೊದಲು ಒಬ್ಬ ಗೆಳತಿಗೆ ಹೇಳಿ, ಆಶಾ ಕಾರ್ಯಕರ್ತೆಗೆ ಹೇಳಿ, ಆಮೇಲೆ ಡಾಕ್ಟರಿಗೆ. ಈ ತೊಂದರೆಯಲ್ಲಿ ಬಿಗಿ ಹಿಡಿಯಬೇಕಾದದ್ದು ಸ್ನಾಯುವನ್ನು, ಬಾಯನ್ನಲ್ಲ.